ಒಂದು ‘ಪ್ಪ’, ಒಂದು ‘ರೀ’

ಅವತ್ತು ವಿಶೇಷ ಏನೂ ಇರಲಿಲ್ಲ. ನಮ್ಮನೆಯವರು ಮುಂದಿನ ಕೋಣೆಯಲ್ಲಿ ಮದುವೆ ಗಂಡೊಬ್ಬನ ಪ್ಯಾಂಟು ಮುಗಿಸುತ್ತಿದ್ದರು. ನಾನು ಪರದೆಯ ಈಚೆ ಕೂತು ಅಂಗಿಗಳಿಗೆ ಕಾಜಾ ಹಾಕುತ್ತಿದ್ದೆ. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಮುಂದಿನದು ಹೊಲಿಗೆ ಅಂಗಡಿ, ಹಿಂದಿನದು ಸಂಸಾರ. ನಡುವೆ ನನ್ನ ಹಳೇ ಸೀರೆಯ ಪರದೆ. ಮೆಷಿನ್ನಿನ ಸದ್ದು ನಿಂತಿತು ಅಂದರೆ ಅವರಿಗೆ ಏನೋ ಬೇಕಾಗಿದೆ ಅಂತ ಅರ್ಥ.

“ಕಂದು ದಾರ ಐತೇನ್ರಿ?” ಅಂದರು.

“ಐತ್ರಿ.”

“ಹಂಗಾದ್ರೆ ಚಾನೂ ತರ್ರಿ, ಎರಡೂ ಒಟ್ಟಿಗೆ ಬರಲಿ.”

ದಾರ ಕೊಟ್ಟೆ, ಚಾ ಕೊಟ್ಟೆ. ಲೋಟ ಇಸಿದುಕೊಂಡು ಕತ್ತರಿಯ ಪಕ್ಕದಲ್ಲಿಟ್ಟರು. ಯಾವಾಗಲೂ ಹಾಗೆ, ಆರಿದ ಮೇಲೆಯೇ ಕುಡಿಯುವುದು. ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ. ಮದುವೆ ಗಂಡಿನ ಪ್ಯಾಂಟು ಮಾತ್ರ ಇಸ್ತ್ರಿಯಾಗಿ, ಮಡಿಸಿ, ಮೇಲೆ ಚೀಟಿ ಅಂಟಿಸಿಕೊಂಡು ಕೂತಿತ್ತು.

ಹದಿನೈದು ದಿನ ನಾನು ಆ ಮೆಷಿನ್ನು ಮುಟ್ಟಲಿಲ್ಲ. ಆಮೇಲೆ ಒಂದು ದಿನ ಸೂಜಿ ಬೇಕಾಗಿ ಡ್ರಾಯರ್ ಎಳೆದರೆ ಅಳತೆ ಪುಸ್ತಕ ಸಿಕ್ಕಿತು. ಟೇಲರುಗಳ ಅಳತೆ ಪುಸ್ತಕ ನೀವು ನೋಡಿರಬಹುದು. ಉದ್ದ, ಎದೆ, ತೋಳು, ಸೊಂಟ ಅಂತ ಅಂಕಿಗಳು, ಮೇಲೆ ಗುರುತಿಗೆ ಒಂದು ಹೆಸರು. ಬೇರೆಯವರ ಪುಸ್ತಕದಲ್ಲಿ ‘ಡುಮ್ಮ’, ‘ಸೋಡಾ ಅಂಗಡಿ’, ‘ಕುಂಟ ರಾಮ’ ಅಂತೆಲ್ಲ ಇರುತ್ತದೆ. ಇವರದರಲ್ಲಿ ಹಮಾಲಿ ಮಾಡುವವರಿಗೆ ‘ಶ್ರೀ ಬಸಪ್ಪನವರು’. ಬೀದಿ ಗುಡಿಸುವಾಕೆಯ ರವಿಕೆಗೆ ‘ಶ್ರೀಮತಿ ಚೌಡಮ್ಮನವರು’. ಒಂದನೇ ಕ್ಲಾಸಿನ ಹುಡುಗನ ಚಡ್ಡಿಗೂ ‘ಮಂಜುನಾಥ ಅವರು, ಸೊಂಟ ಹತ್ತೊಂಬತ್ತು’. ಆ ಮಂಜುನಾಥ ಅವರು ಅಳತೆ ಕೊಡುವಾಗ ಮೂಗು ಸುರಿಸುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಅವರ ಬಾಯಿಯೂ ಹಾಗೇ. ‘ರೀ’ ಇಲ್ಲದೆ ಒಂದು ಮಾತು ಹೊರಡುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅವರ ಹೆಸರೇ ‘ರೀ ಟೇಲರ್’. ಅಂಗಡಿ ಮೆಟ್ಟಿಲ ಮೇಲೆ ಮಲಗುತ್ತಿದ್ದ ನಾಯಿಗೆ “ಸ್ವಲ್ಪ ಜರುಗ್ರಿ, ಗಿರಾಕಿ ಬಂದಾರೆ” ಅನ್ನುತ್ತಿದ್ದರು. ನಾಯಿ ಜರುಗುತ್ತಿತ್ತು. ನಾನು ‘ಹಚಾ’ ಅಂದರೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚುತ್ತಿತ್ತು.

ನಮ್ಮ ಮದುವೆಯ ದಿನದ ಕಥೆ ಹೇಳಿಬಿಡುತ್ತೇನೆ. ನನ್ನ ತವರು ಗೋವಿನಕೋವಿ. ಅವರದು ಜಗಳೂರು ಕಡೆಯ ಸೊಕ್ಕೆ. ಊಟಕ್ಕೆ ಕೂತಾಗ ಅವರು ನನ್ನ ಕಡೆ ತಿರುಗಿ, “ನೀವು ಬೆಳಿಗ್ಗೆಯಿಂದ ಏನಾದ್ರೂ ತಿಂದೀರೇನ್ರಿ?” ಅಂದರು. ಯಾರೋ ದೊಡ್ಡವರನ್ನು ಕೇಳುತ್ತಿದ್ದಾರೆ ಅಂತ ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು. ಬಡಿಸುತ್ತಿದ್ದ ನಮ್ಮ ಸೋದರತ್ತೆಗೆ ಇಷ್ಟು ಸಾಕಾಯಿತು. “ಏನೇ ಗಂಗಾ, ನಿನ್ನ ಗಂಡ ನಿನ್ನ ಮದುವೆ ಆಗ್ಯಾನೋ, ಇಲ್ಲಾ ನಿನ್ನ ಹತ್ರ ನೌಕರಿಗೆ ಸೇರ್ಯಾನೋ?” ಅಂದಳು. ಪಂಕ್ತಿಯೆಲ್ಲ ನಕ್ಕಿತು. ನಾನು ಎಲೆಯಿಂದ ತಲೆ ಎತ್ತಲಿಲ್ಲ.

ಮೊದಲ ವರ್ಷ ಕಾಡಿ ಬೇಡಿದೆ, “ನನಗೆ ರೀ ಅನಬ್ಯಾಡ್ರಿ, ಜನ ನಗ್ತಾರೆ” ಅಂತ. “ನಗಲಿ ಬಿಡ್ರಿ, ನಗೋದೇನು ಕೆಟ್ಟದ್ದಾ?” ಅಂದರು. ಜಗಳಕ್ಕೂ ರೀ ಬಿಡಲಿಲ್ಲ. “ನಿಮಗೆ ತಲೆ ಐತೇನ್ರಿ?” ಅಂತ ಬೈಯುವವರ ಮೇಲೆ ಎಷ್ಟು ಹೊತ್ತು ಸಿಟ್ಟು ಹಿಡಿಯಲಿಕ್ಕಾಗುತ್ತದೆ? ನಾನು ತವರಿಗೆ ಹೋಗುತ್ತೇನೆ ಅಂತ ಗಂಟು ಕಟ್ಟಿದ ದಿನ ಕೂಡ, “ಹೋಗಿ ಬರ್ರಿ, ಕೊಡೆ ತಗೊಂಡು ಹೋಗ್ರಿ” ಅಂದರು. ಗಂಟು ಬಿಚ್ಚದೆ ನನಗೆ ಬೇರೆ ದಾರಿ ಇರಲಿಲ್ಲ.

ಸೊಕ್ಕೆಯವರು ಅಂದರೆ ಹೊನ್ನಾಳಿಯಲ್ಲಿ ಒಂದು ತಮಾಷೆ ಇದ್ದೇ ಇತ್ತು. “ಸೊಕ್ಕೆಯವರಿಗೆ ಸೊಕ್ಕು ಹುಟ್ಟುತ್ತಲೇ ಬಂದಿರ್ತದೆ.” ಇವರು ಟೇಪು ಕೊರಳಿಗೆ ಹಾಕಿಕೊಂಡು, “ಊರ ಹೆಸರೇ ಹಂಗೈತ್ರಿ, ನಾವೇನು ಮಾಡಾಕಾಗ್ತದೆ” ಅನ್ನುತ್ತಿದ್ದರು.

ಈ ರೀ ಎಲ್ಲಿಂದ ಬಂತು ಅನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ. ನನ್ನ ಮಾವ ಸೊಕ್ಕೆಯಲ್ಲಿ ಬೇರೆಯವರ ಹೊಲದಲ್ಲಿ ದುಡಿದವರು. ನಮ್ಮ ಕೇರಿ ಊರಿನ ಆಚೆಗಿತ್ತು. ನಮ್ಮವರ ಹೆಸರಿಗೆ ‘ಅಪ್ಪ’ ಹಚ್ಚುವ ರೂಢಿ ಊರಿನವರಿಗೆ ಇರಲಿಲ್ಲ. ಮಾವನ ಹೆಸರು ದುರುಗಪ್ಪ. ಕೇರಿಯ ಒಳಗೆ ದುರುಗಪ್ಪ, ಕೇರಿ ದಾಟಿದರೆ ದುರುಗ. ದೊಡ್ಡ ಮನೆಯ ಏಳು ವರ್ಷದ ಮಗು “ಲೇ ದುರುಗ, ಬಾರಲೇ” ಅಂದರೆ ತಲೆ ನರೆತ ಅವರು “ಬಂದೆ ಬುದ್ಧೀ” ಅಂತ ಓಡುತ್ತಿದ್ದರು. ಇವರಿಗೂ ಆಗ ಏಳು ವರ್ಷ. ಮನೆಗೆ ಬಂದು, “ಅಪ್ಪಾ, ಆ ಹುಡುಗ ನನ್ನಷ್ಟೇ ಅದಾನಲ್ಲ?” ಅಂದರಂತೆ. ಮಾವ ಬೀಡಿ ಆರಿಸಿ, “ಹೌದಪ್ಪ. ನೀನು ದೊಡ್ಡವನಾದ ಮೇಲೆ ಯಾರನ್ನೂ ಹಂಗೆ ಕರೀಬ್ಯಾಡ” ಅಂದರಂತೆ. ಅಷ್ಟೇ. ಆ ಒಂದು ಮಾತನ್ನು ಇವರು ನಾಯಿಯವರೆಗೂ ಪಾಲಿಸಿದರು.

ಹಿಂದಿನ ಕಾಲದಲ್ಲಿ ಎಷ್ಟು ಮರ್ಯಾದೆ ಇತ್ತು, ಈಗ ಎಲ್ಲ ಕೆಟ್ಟುಹೋಯಿತು ಅಂತ ಅಂಗಡಿಗೆ ಬಂದವರು ಮಾತಾಡುತ್ತಿದ್ದರು. ನಾನು ಪರದೆಯ ಈಚೆ ಸುಮ್ಮನೆ ಕೇಳುತ್ತಿದ್ದೆ. ಮರ್ಯಾದೆ ಇತ್ತು, ನಿಜ. ಅದು ಕೆಲವರಿಗೆ ಮಾತ್ರ ಇತ್ತು. ಎಲ್ಲರಿಗೂ ಹಂಚುವ ಕಾಲ ಬಂದಾಗ ಯಾರಿಗೂ ಕೊಡದೆ ಸಮ ಮಾಡಿಬಿಟ್ಟರು. ಈಗ ಕಂಡಕ್ಟರು ಎಲ್ಲರಿಗೂ ‘ಏಯ್, ಒಳಗೆ ಹೋಗು’ ಅನ್ನುತ್ತಾನೆ. ಕಚೇರಿಯ ಕಿಟಕಿಗೆ ಜಾಲರಿ ಹೊಡೆದಿದ್ದಾರೆ. ಒಳಗಿನವರ ಮುಖ ಕಾಣುವುದಿಲ್ಲ, ಒಂದು ಕೈ ಮಾತ್ರ ಹೊರಗೆ ಬರುತ್ತದೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚು ಮುರಿದು ಎಷ್ಟು ವರ್ಷವಾಯಿತೋ. ಅರ್ಜಿ ಕೊಟ್ಟವರೇ ಹೋಗಿಬಿಟ್ಟರು.

ಕಚೇರಿ ಅಂದಾಗ ಆ ವಾರ ನೆನಪಾಗುತ್ತದೆ. ಎಂಬತ್ತರ ಆಸುಪಾಸು. ನಮ್ಮ ಮಗಳು ಸರೋಜ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ನಮ್ಮ ಮನೆತನದಲ್ಲಿ ಆ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಚನ್ನಗಿರಿಯಲ್ಲಿ ಕಾಲೇಜಿಗೆ ಸೀಟು ಸಿಕ್ಕಿತ್ತು. ಹಾಸ್ಟೆಲ್ಲಿಗೆ ಜಾತಿ, ವರಮಾನದ ಸರ್ಟಿಫಿಕೇಟು ಬೇಕು, ಶುಕ್ರವಾರ ಕಡೇ ದಿನ. ಅದು ಯಾವ ಕಚೇರಿ, ಯಾವ ಗುಮಾಸ್ತರು ಅಂತ ಹೇಳುವುದು ಬೇಡ. ಅವರಿಗೂ ಈಗ ಮೊಮ್ಮಕ್ಕಳಿದ್ದಾರು.

ಮಂಗಳವಾರ ಕಾಗದ ತಯಾರಾಯಿತು. ಗುಮಾಸ್ತರು ಚಾಚಿದ ಕಾಗದವನ್ನು ಇವರು ನಿಂತಲ್ಲೇ ಓದಿದರು. ‘ಕುಮಾರಿ ಸರೋಜ, ತಂದೆ ತಿಪ್ಪೇಶಪ್ಪ ಬಿನ್ ದುರುಗ.’ ಬಿನ್ ಅಂದರೆ ಇಂಥವರ ಮಗ ಅಂತ, ಸರ್ಕಾರದ ಭಾಷೆಯಲ್ಲಿ. ತಿಪ್ಪೇಶಪ್ಪ ಅಂದರೆ ನಮ್ಮನೆಯವರು. ಗಂಡನ ಹೆಸರು ಹೇಳಬಾರದು ಅಂತ ಕಲಿತವಳು ಈಗ ಬರೆಯುತ್ತಿದ್ದೇನೆ, ಹೆಸರಿಗಾಗಿಯೇ ನಡೆದ ಕಥೆ ಆದ್ದರಿಂದ. ಅವರನ್ನು ಶಾಲೆಗೆ ಸೇರಿಸಿದ ಮೇಷ್ಟ್ರು ಒಳ್ಳೆಯವರು, ಹುಡುಗನ ಹೆಸರಿಗೆ ಅಪ್ಪ ಹಚ್ಚಿ ಬರೆದಿದ್ದರು. ತಂದೆಯ ಹೆಸರನ್ನು ಮಾತ್ರ ಊರು ಕರೆದಂತೆ ಬರೆದರು. ಮಗನಿಗೆ ಸಿಕ್ಕಿದ ಅಪ್ಪ, ಅಪ್ಪನಿಗೆ ಸಿಗಲಿಲ್ಲ.

“ಒಂದು ಪ್ಪ ಬಿಟ್ಟೈತೆ ನೋಡ್ರಿ” ಅಂದರು ಇವರು.

“ಹಳೇ ದಾಖಲೇಲಿ ಹಂಗೇ ಐತೆ. ಒಂದು ಪ್ಪ ಇಲ್ದಿದ್ರೆ ಏನು ನಿನ್ನ ಗಂಟು ಹೋಗ್ತದೆ?”

“ನಿಮ್ಮ ಪ್ಯಾಂಟು ನಾನೇ ಹೊಲಿಯೋದಲ್ರಿ. ಉದ್ದದಾಗೆ ಎರಡು ಇಂಚು ಬಿಟ್ಟು ಕೊಟ್ರೆ ಹಾಕ್ಕೊಂತೀರೇನ್ರಿ?”

ಜಗಲಿಯ ಮೇಲಿದ್ದವರು ನಕ್ಕರು. ಗುಮಾಸ್ತರು ನಗಲಿಲ್ಲ. “ಸೊಕ್ಕೆಯವನಲ್ವಾ, ಸೊಕ್ಕು ಎಲ್ಲಿ ಹೋದೀತು. ಬೇಕಾದ್ರೆ ತಗೋ, ಬ್ಯಾಡಾದ್ರೆ ಬಿಡು” ಅಂದರು.

ಇವರು ಬಿಟ್ಟು ಬಂದರು. ಮನೆಯಲ್ಲಿ ಇದನ್ನು ಕೇಳಿ ನಾನು ಕೈಲಿದ್ದ ಅಂಗಿ ಕೆಳಗೆ ಬಿಸಾಡಿದೆ.

ಬುಧವಾರ ಮೊದಲ ಬಸ್ಸಿಗೆ ಸೊಕ್ಕೆಗೆ ಹೋದರು. ಅಲ್ಲಿ ನಮ್ಮ ಭಾವನ ಮನೆಯಲ್ಲಿ ಅತ್ತೆ ಇದ್ದರು. ದುರುಗಪ್ಪ ಅಂತ ಎಲ್ಲಾದರೂ ಬರೆದದ್ದು ಇದೆಯಾ ಅಂತ ಮನೆಯೆಲ್ಲ ಹುಡುಕಿಸಿದರು. ಅತ್ತೆ ತಮ್ಮ ಟ್ರಂಕಿನ ತಳದಿಂದ ಎಲೆಅಡಿಕೆ ಚೀಲ ತೆಗೆದು, ಅದರೊಳಗಿಂದ ನಾಲ್ಕು ಮಡಿಕೆಯ ಚೀಟಿ ತೆಗೆದರು. ಯಾವುದೋ ಇಲೆಕ್ಷನ್ನಿನಲ್ಲಿ ಮನೆಮನೆಗೆ ಹಂಚಿದ ಓಟಿನ ಚೀಟಿ. ‘ಶ್ರೀ ದುರುಗಪ್ಪ’ ಅಂತ ಬರೆದಿತ್ತು. ಶ್ರೀಯೂ ಇತ್ತು, ಪ್ಪವೂ ಇತ್ತು. ಮಾವ ಅದನ್ನು ಹೆಂಡತಿಯ ಕೈಗೆ ಕೊಟ್ಟು, “ಇಟ್ಟಿರು, ಮತ್ತೆ ಯಾವಾಗ ಬರೀತಾರೋ” ಅಂದಿದ್ದರಂತೆ. ಓಟು ಕೇಳುವಾಗ ದುರುಗಪ್ಪ, ಓಟು ಮುಗಿದ ಮೇಲೆ ದುರುಗ. ಸರ್ಕಾರದ ವಿಷಯ ನನಗೆ ಹೆಚ್ಚು ತಿಳಿಯದು, ತಿಳಿದಷ್ಟು ಆ ಚೀಟಿಯಿಂದಲೇ ತಿಳಿದದ್ದು.

ಗುರುವಾರ ಆ ಚೀಟಿ ತೋರಿಸಿದರೆ ಗುಮಾಸ್ತರು, “ಇದು ದಾಖಲೆ ಅಲ್ಲ” ಅಂತ ಒಂದೇ ಮಾತಿಗೆ ವಾಪಸು ಕೊಟ್ಟರು.

ಅವತ್ತು ಮನೆಯಲ್ಲಿ ನಾನು ಆಡಿದ ಮಾತು ಈಗ ಬರೆಯಲಿಕ್ಕೆ ನಾಚಿಕೆಯಾಗುತ್ತದೆ. “ಸತ್ತವರ ಹೆಸರಿಗೆ ಪ್ಪ ಹಚ್ಚಾಕೆ ಹೋಗಿ, ಬದುಕಿರೋ ಮಗಳ ಓದು ಕಳೀತೀರಿ” ಅಂದೆ. ಅವರು ಉತ್ತರ ಕೊಡಲಿಲ್ಲ. ಬಾಬಿನ್ನಿಗೆ ದಾರ ಸುತ್ತುತ್ತಾ ಕೂತರು, ತುಂಬಿದ ಬಾಬಿನ್ನಿಗೇ ಮತ್ತೆ ಮತ್ತೆ. ಸರೋಜ ಮೂಲೆಯಲ್ಲಿ ತನ್ನ ಹೊಸ ಲಂಗದಾವಣಿ ಮಡಿಸಿ ಬಿಚ್ಚಿ ಮಡಿಸುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ “ದಾರ ತರಾಕೆ ಹೋಗ್ತೀನಿ” ಅಂತ ಸುಳ್ಳು ಹೇಳಿ ನಾನೇ ಕಚೇರಿಗೆ ಹೋದೆ. ಪ್ಪ ಇರಲಿ, ಬಿಡಲಿ, ಕಾಗದ ಇಸಿದುಕೊಂಡು ಮಗಳನ್ನು ಚನ್ನಗಿರಿ ಬಸ್ಸು ಹತ್ತಿಸುವುದು ಅಂತ ಗಟ್ಟಿ ಮಾಡಿಕೊಂಡಿದ್ದೆ. ಗುಮಾಸ್ತರಿಗೆ ನನ್ನನ್ನು ಕಂಡು ಸಮಾಧಾನವಾಯಿತು. “ನೀನಾದ್ರೂ ಬಂದ್ಯಲ್ಲ. ನಿನ್ನ ಗಂಡನಿಗೆ ಬುದ್ಧಿ ಇಲ್ಲ. ಇಲ್ಲಿ ಹೆಬ್ಬೆಟ್ಟು ಒತ್ತು” ಅಂತ ಮಸಿಯ ಪ್ಯಾಡು ಮುಂದೆ ತಳ್ಳಿದರು.

ನಾನು ಏಳನೇ ಕ್ಲಾಸು ಪಾಸು. ಅದೇನು ದೊಡ್ಡದಲ್ಲ, ಆದರೆ ಹೆಬ್ಬೆಟ್ಟಿಗಿಂತ ಮೇಲೆ. “ಸೈನ್ ಬರ್ತೈತ್ರಿ” ಅಂದೆ. ಸೈನ್ ಹಾಕುವವರು ಓದಿ ಹಾಕಬೇಕು ಅಂತ ನನ್ನ ಶಾಲೆಯ ಮೇಷ್ಟ್ರು ಕಲಿಸಿದ್ದರು, ಓದಿದೆ. ‘ಬಿನ್ ದುರುಗ.’ ನಾನು ಹೊಸ ಸೊಸೆಯಾಗಿ ಸೊಕ್ಕೆಗೆ ಹೋದಾಗ ನನ್ನ ಕಾಲಿಗೆ ನೀರು ಕೊಟ್ಟು “ಬಾ ತಾಯಿ” ಅಂದವರು ಆ ಮನುಷ್ಯ. ಕಾಗದದ ಮೇಲೆ ಅವರನ್ನು ಯಾರೋ ‘ಲೇ’ ಅಂತ ಕೂಗಿದ ಹಾಗೆ ಕೇಳಿಸಿತು. ಅದರ ಕೆಳಗೆ ನನ್ನ ಹೆಸರು ಬರೆದರೆ ನಾನೂ ಕೂಗಿದಂತೆ.

“ನಮ್ಮ ಮಾವನೋರ ಹೆಸರು ಪೂರ್ತಿ ಬರೆದುಕೊಡ್ರಿ, ಸ್ವಾಮಿ” ಅಂದೆ. ನನ್ನ ದನಿ ನನಗೇ ಇವರ ದನಿಯಂತೆ ಕೇಳಿತು. ಗುಮಾಸ್ತರು ಪೆನ್ನು ಕೆಳಗಿಟ್ಟು, “ಈ ಹುಚ್ಚು ಇಡೀ ಮನೆಗೇ ಹಿಡಿದೈತೆ” ಅಂದರು. ನಾನು ಜಗಲಿಯ ಬೆಂಚಿನ ಮೇಲೆ ಹೋಗಿ ಕೂತೆ. ಮನೆಗೆ ಹೋಗಿ ಏನಂತ ಹೇಳುವುದು ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಇವರು ಹುಡುಕಿಕೊಂಡು ಬಂದರು. ನನ್ನನ್ನು ನೋಡಿದರು, ಕಚೇರಿಯ ಬೋರ್ಡು ನೋಡಿದರು. “ದಾರ ಇಲ್ಲಿ ಮಾರ್ತಾರೇನ್ರಿ?” ಅಂದರು. ನಾನು ತಲೆ ಎತ್ತಲಿಲ್ಲ, ಮದುವೆ ದಿನದ ಹಾಗೆ. ಅವರು ಪಕ್ಕದಲ್ಲಿ ಕೂತರು.

ಆ ಕಚೇರಿಯಲ್ಲಿ ಹನುಮಂತಪ್ಪ ಅಂತ ಒಬ್ಬರು ಜವಾನರಿದ್ದರು. ಇನ್ನೇನು ರಿಟೈರಾಗುವ ವಯಸ್ಸು. ಒಳಗೆ ಎಲ್ಲರಿಗೂ ಅವರು ‘ಏ ಹನುಮ್ಯಾ’. ಬೆಲ್ಲು ಇದ್ದರೂ ಕೂಗಿಯೇ ಕರೆಯುತ್ತಿದ್ದರು. ಇವರ ಅಂಗಡಿಗೆ ಖಾಕಿ ಹೊಲಿಸಲಿಕ್ಕೆ ಬಂದಾಗ ಮಾತ್ರ ‘ಬರ್ರಿ ಹನುಮಂತಪ್ಪನೋರೇ’. ಮಧ್ಯಾಹ್ನದ ತನಕ ಅವರು ಒಳಗೂ ಹೊರಗೂ ಓಡಾಡುತ್ತಾ ನಮ್ಮಿಬ್ಬರನ್ನು ನೋಡಿದರು. ಆಮೇಲೆ ಗುಮಾಸ್ತರ ಮೇಜಿನ ಮುಂದೆ ಹೋಗಿ ನಿಂತರು. ಕಿಟಕಿಗೆ ಆಗ ಜಾಲರಿ ಇರಲಿಲ್ಲ, ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

“ಸಾಹೇಬ್ರೇ, ಆ ಒಂದು ಪ್ಪ ಬರೆದುಬಿಡ್ರಿ.”

“ನಿಂಗ್ಯಾಕೋ ಹನುಮ್ಯಾ ಈ ಉಸಾಬರಿ?”

“ಮೂವತ್ತು ವರ್ಷ ಆತ್ರಿ ಹನುಮ್ಯಾ ಅನ್ನಿಸ್ಕೊಂಡು. ಆ ಯಪ್ಪಂಗೆ ಬರೆದ್ರೆ ನಂಗೂ ಹಚ್ಚಿದಂಗೆ ಆಗ್ತೈತೆ, ಅದಕ್ಕೆ.”

ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದರು. ಕಾಗದವನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಬರೆದರು. ದುರುಗ ಆದಮೇಲೆ ಜಾಗ ಕಡಿಮೆ ಇತ್ತು, ಹಾಗಾಗಿ ‘ಪ್ಪ’ ಸಣ್ಣದಾಗಿ, ಬೇರೆ ಮಸಿಯಲ್ಲಿ, ಸಾಲಿಗಿಂತ ಸ್ವಲ್ಪ ಮೇಲೆ ಕೂತಿತು. ತುಂಬಿದ ಬಸ್ಸಿನಲ್ಲಿ ತಡವಾಗಿ ಹತ್ತಿದವರು ಸೀಟಿನ ತುದಿಗೆ ಕೂರುವ ಹಾಗೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ತಿದ್ದಿದ ಕಡೆ ಮೇಲಿನ ಸಾಹೇಬರ ಸಹಿ ಬೇಕು, ಸಾಹೇಬರು ಕ್ಯಾಂಪಿಗೆ ಹೋಗಿದ್ದರು. ಅವರು ಬಂದು ಸಹಿ ಹಾಕುವಾಗ ನಾಲ್ಕು ದಾಟಿತ್ತು. ಅಪ್ಪ ಮಗಳು ಚನ್ನಗಿರಿ ಮುಟ್ಟುವಷ್ಟರಲ್ಲಿ ಹಾಸ್ಟೆಲ್ಲಿನ ಆಫೀಸಿಗೆ ಬೀಗ ಬಿದ್ದಿತ್ತು. ಸೋಮವಾರ ಹೋದರೆ, “ಕಡೇ ದಿನ ಮುಗೀತು” ಅಂದರು. ಹಾಸ್ಟೆಲ್ಲಿನ ಸೀಟು ಹೋಯಿತು.

ನನ್ನ ಅಕ್ಕ ನಲ್ಲೂರಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದಳು. ಸರೋಜ ಅವಳ ಮನೆಯಲ್ಲಿದ್ದು ದಿನಾ ಬಸ್ಸಿನಲ್ಲಿ ಚನ್ನಗಿರಿ ಕಾಲೇಜಿಗೆ ಹೋಗಿಬಂದಳು, ಎರಡು ವರ್ಷ. ಅಕ್ಕ ಚಿಮಣಿ ಎಣ್ಣೆ ಅಳೆಯುವಾಗ ಇವಳು ಪಕ್ಕದ ಅಕ್ಕಿ ಮೂಟೆಯ ಮೇಲೆ ಕೂತು ಓದುತ್ತಿದ್ದಳಂತೆ. ಊರಿಗೆ ಬಂದಾಗ ಅಪ್ಪನ ಮುಂದೆ ಕೈ ಚಾಚಿ ತೋರಿಸುವಳು. “ನೋಡ್ರಿ ಅಪ್ಪಾಜಿ, ಕಂಬಿ ಹಿಡಿದು ಹಿಡಿದು ಗುಳ್ಳೆ. ಇದು ಅಜ್ಜನ ಪ್ಪ.” ಅವರು ಆ ಕೈ ಹಿಡಿದು, “ತಪ್ಪಾತೇನ್ರಿ?” ಅನ್ನುವರು. ಮಗಳಿಗೂ ರೀ. ಅವಳು ಒಮ್ಮೆಯೂ ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ, ನನ್ನ ಮಗಳಲ್ಲವಾ.

ಈಗ ಅವಳು ನ್ಯಾಮತಿ ಕಡೆ ಒಂದು ಶಾಲೆಯಲ್ಲಿ ಟೀಚರು. ಹೋದ ವರ್ಷ ಜೂನಿನಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಮಕ್ಕಳನ್ನು ಸೇರಿಸುವ ದಿನ. ಕೂಲಿ ಬಿಟ್ಟು ಬಂದಿದ್ದ ಒಬ್ಬ ತಂದೆ ಬಾಗಿಲ ಹೊರಗೇ ನಿಂತು, “ನನ್ನ ಹೆಸ್ರು ಕೆಂಚ ರೀ” ಅಂದ. ಸರೋಜ ರಿಜಿಸ್ಟರಿನ ಮೇಲೆ ಪೆನ್ನು ಹಿಡಿದವಳು ತಲೆ ಎತ್ತಿ, “ಒಳಗೆ ಬರ್ರಿ. ಮನೇಲಿ ನಿಮ್ಮವ್ವ ಏನಂತ ಕರೀತಾರೆ? ಪೂರ್ತಿ ಹೇಳ್ರಿ” ಅಂದಳು. ಅವನು ನಾಚಿಕೊಂಡು, “ಕೆಂಚಪ್ಪ” ಅಂದ. ಬರೆದಳು. ಒಂದೇ ಮಸಿಯಲ್ಲಿ, ಒಂದೇ ಸಾಲಿನಲ್ಲಿ, ಬೇಕಾದಷ್ಟು ಜಾಗ ಬಿಟ್ಟು.

ಇವರು ಜಗಲಿಯಲ್ಲಿ ನಿಂತು ನೋಡುತ್ತಿದ್ದರು. ಬಸ್ಸಿನಲ್ಲಿ ಬರುವಾಗ ಅರ್ಧ ದಾರಿ ಆದಮೇಲೆ, “ಆ ಸೀಟು ಹೋದದ್ದು ಹೋಗಲಿ ಬಿಡ್ರಿ” ಅಂದರು. ನಾನು “ಹ್ಞೂಂರಿ” ಅಂದೆ. ಆ ಗುರುವಾರದ ನನ್ನ ಮಾತಿಗೆ ಅವರು ಕೊಟ್ಟ ಉತ್ತರ ಅದು ಅಂತ ನಾನು ತಿಳಿದುಕೊಂಡಿದ್ದೇನೆ. ಹೆಮ್ಮೆ ಅಂದರೆ ಎದೆ ಉಬ್ಬುತ್ತದೆ ಅನ್ನುತ್ತಾರೆ. ನಾನು ಅವತ್ತು ಕಂಡಕ್ಟರು ಟಿಕೇಟು ಕೇಳಿದರೆ ಇಳಿಯುವ ಊರಿನ ಹೆಸರೇ ಮರೆತು, ಎರಡು ಬೆರಳು ಮಾತ್ರ ತೋರಿಸಿದೆ.

ಅವರು ತೀರಿದ ಮೇಲೆ ಮರಣದ ಸರ್ಟಿಫಿಕೇಟಿಗೆ ನಾನೊಬ್ಬಳೇ ಹೋದೆ. ಸರೋಜ ಬರುತ್ತೇನೆ ಅಂದಳು, ಬೇಡ ಅಂದೆ. ಜಾಲರಿಯ ಒಳಗಿಂದ ಹೊಸ ಹುಡುಗನೊಬ್ಬ, “ಏಯಮ್ಮ, ಸತ್ತವನ ಹೆಸರು ಹೇಳು” ಅಂದ. ಹಿಂದೆ ಹತ್ತು ಜನ ನಿಂತಿದ್ದರು.

“ತೀರಿಕೊಂಡವರ ಹೆಸರು ತಿಪ್ಪೇಶಪ್ಪ ಬಿನ್ ದುರುಗಪ್ಪ. ಎರಡು ಕಡೆನೂ ಪ್ಪ ಐತೆ, ನೋಡಿ ಬರೀರಿ” ಅಂದೆ. “ನನ್ನ ಹೆಸರು ಗಂಗಮ್ಮ. ನಿಮ್ಮ ಹೆಸರೇನ್ರಿ?”

ಜಾಲರಿಯ ಹತ್ತಿರಕ್ಕೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಅವನು ಮೆಲ್ಲಗೆ ತನ್ನ ಹೆಸರು ಹೇಳಿದ. ಕಾಗದ ಬರೆದು, “ಒಂದ್ಸಲ ಓದಿಕೊಳ್ರಿ ಅಮ್ಮ” ಅಂತ ಹೊರಗೆ ಚಾಚಿದ. ಓದಿದೆ. ಎರಡೂ ಪ್ಪ ಇದ್ದವು.

ಮನೆಗೆ ಬಂದು ಕಾಗದವನ್ನು ಅಳತೆ ಪುಸ್ತಕದಲ್ಲಿ ಇಟ್ಟೆ. ಇಡುವಾಗ ನನ್ನ ಪುಟ ಕಂಡಿತು. ‘ಶ್ರೀಮತಿ ಗಂಗಮ್ಮನವರು, ರವಿಕೆ, ತೋಳು ಎಂಟು.’ ನಡೆದದ್ದನ್ನು ಹೇಳಬೇಕು ಅನ್ನಿಸಿ ಪರದೆ ಸರಿಸಿದೆ, ಮೆಷಿನ್ನಿನ ಮುಂದೆ ಯಾರೂ ಇರಲಿಲ್ಲ. ಚಾ ಮಾಡಿಕೊಂಡು ಒಬ್ಬಳೇ ಕುಡಿದೆ, ಆರುವ ಮೊದಲೇ.

ಬೀದಿಯಲ್ಲಿ ನಾನು ಗಂಗಕ್ಕ, ಅಂಗಡಿಗೆ ಬರುವವರಿಗೆ ಅವ್ವ, ಸರೋಜನಿಗೆ ಅಮ್ಮ. ನನಗೆ ರೀ ಅನ್ನುವವರು ಮನೆಯಲ್ಲಿ ಇಲ್ಲ.